ಕವಲುಬಾಲದ ಬೊನಾಂಝಾ: ಒಂದು ಲಘು ವಿಮಾನದ ಅಪಕೀರ್ತಿ ಮತ್ತು ಅದರ ಕಾರಣಗಳು

ಲಘು ವಿಮಾನ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಾದ ನಮಗೆ 2004ರ ಏಪ್ರಿಲ್ 17 ನೆನಪಾಗುವುದು ಸಹಜ. ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸೆಸ್ನಾ 180 ವಿಮಾನ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕಪ್ಪಳಿಸಿ, ಚಿತ್ರನಟಿ ಸೌಂದರ್ಯ ಸೇರಿದಂತೆ ನಾಲ್ವರನ್ನು ಬಲಿ ತೆಗೆದುಕೊಂಡ ದಿನವದು. ಅದಕ್ಕೂ ಮುನ್ನ, 2001ರ ಸೆಪ್ಟೆಂಬರ್ 30ರಂದು, ಉತ್ತರ ಪ್ರದೇಶದ ಮೈನ್‌ಪುರಿಯ ಬಳಿ ಬೀಚ್‌ಕ್ರಾಫ್ಟ್ ಸಂಸ್ಥೆಯ ಕಿಂಗ್ ಏರ್ ವಿಮಾನ ಪತನಗೊಂಡು ಮಾಧವರಾವ್ ಸಿಂಧಿಯಾ ಅಸುನೀಗಿದರು. ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಗಳು ಎರಡೇ. ಯಂತ್ರ ಕೆಟ್ಟಿತೆ? ಅಥವಾ ಪೈಲಟ್ ತಪ್ಪಿದನೆ? ಎರಡರಲ್ಲೊಂದನ್ನು ಆರಿಸಿಕೊಂಡ ಕೂಡಲೇ ನಮ್ಮ ಕುತೂಹಲವೂ ತಣಿಯುತ್ತದೆ.

ಆದರೆ ಅಪಘಾತಗಳ ಚರಿತ್ರೆ ಹಾಗೆ ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದೇ ಬೀಚ್‌ಕ್ರಾಫ್ಟ್ ಸಂಸ್ಥೆ ತಯಾರಿಸಿದ ಬೊನಾಂಝಾ ಎಂಬ ಪುಟ್ಟ ವಿಮಾನವನ್ನು ಕುರಿತು ಅಮೆರಿಕದಲ್ಲಿ ದಶಕಗಳ ಕಾಲ ನಡೆದ ವಾದವನ್ನು ಗಮನಿಸಿದರೆ ಇದು ಚೆನ್ನಾಗಿ ಮನದಟ್ಟಾಗುತ್ತದೆ. ಈ ವಿಮಾನಕ್ಕೆ ಅಲ್ಲಿನವರು ಇಟ್ಟ ಅಡ್ಡಹೆಸರು 'ಕವಲುಬಾಲದ ವೈದ್ಯಹಂತಕ'!

ಎರಡನೆಯ ಮಹಾಯುದ್ಧ ಮುಗಿದೊಡನೆ, 1945ರ ಡಿಸೆಂಬರ್ 22ರಂದು, ಬೊನಾಂಝಾ ಮೊದಲ ಬಾರಿಗೆ ಹಾರಿತು. 1947ರಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ ಸುಮಾರು ಎಂಟು ಸಾವಿರ ಡಾಲರ್. ಪೂರ್ತಿ ಲೋಹದ ಮೈ, ನಾಲ್ಕು ಆಸನ, ಹಾರುವಾಗ ಒಳಗೆ ಮಡಚಿಕೊಳ್ಳುವ ಗಾಲಿಗಳು, ಗಂಟೆಗೆ ಸುಮಾರು 170 ಮೈಲಿ ವೇಗ. ಬಟ್ಟೆ ಹೊದಿಸಿದ ನಿಧಾನಗತಿಯ ವಿಮಾನಗಳನ್ನೇ ಕಂಡಿದ್ದ ಖಾಸಗಿ ಹಾರಾಟಗಾರರಿಗೆ ಇದು ಬೇರೊಂದು ಲೋಕದ ವಸ್ತುವೇ ಆಗಿತ್ತು. 1949ರಲ್ಲಿ ಬಿಲ್ ಓಡಮ್ ಎಂಬ ಸಾಹಸಿ ಹವಾಯಿಯ ಹೊನೊಲುಲುವಿನಿಂದ ಅಮೆರಿಕದ ಪೂರ್ವ ಕರಾವಳಿಯ ನ್ಯೂ ಜೆರ್ಸಿಯವರೆಗೆ ಸುಮಾರು 36 ಗಂಟೆಗಳ ಕಾಲ ಎಲ್ಲಿಯೂ ಇಳಿಯದೆ ಒಬ್ಬನೇ ಹಾರಿಸಿದ್ದು ಈ ವಿಮಾನವನ್ನೇ.

ಇದರ ವೈಶಿಷ್ಟ್ಯವಿದ್ದದ್ದು ಬಾಲದಲ್ಲಿ. ಸಾಮಾನ್ಯ ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತ ಒಂದು ಫಲಕ, ಅಡ್ಡಲಾಗಿ ಎರಡು ಫಲಕ, ಹೀಗೆ ಒಟ್ಟು ಮೂರಿರುತ್ತವೆ. ಬೊನಾಂಝಾದಲ್ಲಿ ಎರಡೇ ಫಲಕಗಳು, ಇಂಗ್ಲಿಷಿನ 'ವಿ' ಅಕ್ಷರದಂತೆ ಮೇಲ್ಮುಖವಾಗಿ ಕವಲೊಡೆದಿದ್ದವು. ಮೂಗನ್ನು ಮೇಲೆ ಕೆಳಗೆ ಮಾಡುವ ಮತ್ತು ಎಡಕ್ಕೆ ಬಲಕ್ಕೆ ತಿರುಗಿಸುವ ಕೆಲಸಗಳೆರಡನ್ನೂ ಅವೇ ನಿರ್ವಹಿಸುತ್ತಿದ್ದವು. ತೂಕ ಕಡಿಮೆ, ಗಾಳಿಯ ಎಳೆತವೂ ಕಡಿಮೆ. ನೋಡಲಂತೂ ಸೊಗಸು; ಮಾರಾಟಕ್ಕೆ ಆ ಸೊಗಸೂ ನೆರವಾಗಿರಬೇಕು.

ಕೊಳ್ಳುವವರು ಯಾರು? ಹಣವುಳ್ಳ ವೈದ್ಯರು, ವಕೀಲರು, ವ್ಯಾಪಾರಸ್ಥರು. ತಮ್ಮ ವೃತ್ತಿಯಲ್ಲಿ ನಿಷ್ಣಾತರು, ನಿರ್ಧಾರಗಳನ್ನು ಶೀಘ್ರವಾಗಿ ಕೈಗೊಳ್ಳುವವರು, ಬಿಡುವಿಲ್ಲದವರು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿರಲೇಬೇಕಾದ ವೈದ್ಯನೊಬ್ಬ ಭಾನುವಾರ ಸಂಜೆ ಮೋಡ ಕವಿದಿದೆಯೆಂದು ಊರಿಗೆ ಹಿಂದಿರುಗುವುದನ್ನು ಮುಂದೂಡಲು ಒಪ್ಪುವುದು ಕಷ್ಟ. ವಿಮಾನ ಕೊಳ್ಳುವ ಶಕ್ತಿ ಅವರಿಗಿತ್ತು. ಅದನ್ನು ಅರಗಿಸಿಕೊಳ್ಳಲು ಬೇಕಾದ ಅಭ್ಯಾಸದ ಗಂಟೆಗಳು ಹಲವರಲ್ಲಿ ಇರಲಿಲ್ಲ. ಅಡ್ಡಹೆಸರು ಹುಟ್ಟಿದ್ದು ಹೀಗೆ. ಆದರೆ ಬೊನಾಂಝಾದ ಅತ್ಯಂತ ಪ್ರಸಿದ್ಧ ದುರಂತದಲ್ಲಿ ಮಡಿದವರಲ್ಲಿ ಒಬ್ಬ ವೈದ್ಯನೂ ಇರಲಿಲ್ಲ.

1959ರ ಫೆಬ್ರವರಿ 3. ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಊರಿನಲ್ಲಿ ಕಾರ್ಯಕ್ರಮ ಮುಗಿಸಿದ ಯುವಗಾಯಕ ಬಡ್ಡಿ ಹಾಲಿ, ಕೊರೆಯುವ ಚಳಿಯಲ್ಲಿ ಬಸ್ಸಿನ ಪ್ರಯಾಣ ಸಾಕಾಗಿ, ಸಮೀಪದ ಮೇಸನ್ ಸಿಟಿಯಿಂದ ಒಂದು ಬೊನಾಂಝಾವನ್ನು ಬಾಡಿಗೆಗೆ ಗೊತ್ತುಮಾಡಿದ. ಜೊತೆಗೆ ರಿಚಿ ವ್ಯಾಲೆನ್ಸ್ ಮತ್ತು ಜೆ. ಪಿ. ರಿಚರ್ಡ್‌ಸನ್. ಹಾಲಿಗೆ 22 ವರ್ಷ, ವ್ಯಾಲೆನ್ಸ್‌ಗೆ ಕೇವಲ 17, ವಿಮಾನ ನಡೆಸಿದ ಪೈಲಟ್‌ಗೆ 21. ಮಧ್ಯರಾತ್ರಿ ದಾಟಿ ಒಂದು ಗಂಟೆಯಾಗುವ ಹೊತ್ತಿಗೆ ಹೊರಟ ವಿಮಾನ, ಕೆಲವೇ ಮೈಲಿ ದೂರದ ಹೊಲವೊಂದಕ್ಕೆ ಅಪ್ಪಳಿಸಿತು. ನಾಲ್ವರೂ ಮೃತಪಟ್ಟರು. ಅವಶೇಷಗಳು ಕಣ್ಣಿಗೆ ಬಿದ್ದದ್ದು ಬೆಳಗಾದ ಮೇಲೆ.

ತನಿಖೆಯಲ್ಲಿ ಹೊರಬಿದ್ದ ಸಂಗತಿಗಳನ್ನು ಒಂದೊಂದಾಗಿ ನೋಡಬೇಕು. ಎಂಜಿನ್ನಿನಲ್ಲಿ ದೋಷವಿರಲಿಲ್ಲ. ರಾತ್ರಿ ಹಿಮ ಉದುರುತ್ತಿತ್ತು. ಕೆಳಗೆ ಕತ್ತಲ ಹೊಲಗಳು, ಮೇಲೆ ಮೋಡ, ಹೀಗಾಗಿ ದಿಗಂತವೇ ಕಾಣದು. ಹವಾಮಾನ ಹದಗೆಡುತ್ತಿದೆಯೆಂಬ ವಿಶೇಷ ಮುನ್ನೆಚ್ಚರಿಕೆಗಳು ಹೊರಟಿದ್ದರೂ ಪೈಲಟ್‌ಗೆ ಅವನ್ನು ಯಾರೂ ತಿಳಿಸಿರಲಿಲ್ಲ. ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆಯ ಪರೀಕ್ಷೆಯಲ್ಲಿ ಅವನು ಹಿಂದಿನ ವರ್ಷ ತೇರ್ಗಡೆಯಾಗಿರಲಿಲ್ಲ. ಇವೆಲ್ಲಕ್ಕಿಂತ ಮನಕಲಕುವ ಅಂಶ ಮತ್ತೊಂದಿದೆ. ವಿಮಾನ ಮೇಲಕ್ಕೆ ಮುಖ ಮಾಡಿದೆಯೋ ಕೆಳಕ್ಕೋ ಎಂಬುದನ್ನು ತೋರಿಸುವ 'ಕೃತಕ ದಿಗಂತ' ಎಂಬ ಉಪಕರಣವೊಂದಿರುತ್ತದೆ. ಆ ವಿಮಾನದಲ್ಲಿದ್ದ ಉಪಕರಣ, ಅವನು ಅಭ್ಯಾಸ ಮಾಡಿದ್ದ ಉಪಕರಣಕ್ಕೆ ತದ್ವಿರುದ್ಧವಾದ ರೀತಿಯಲ್ಲಿ ಏರಿಳಿತವನ್ನು ತೋರಿಸುವಂಥದ್ದಾಗಿತ್ತು! ಏರುತ್ತಿದ್ದೇನೆಂದು ಭಾವಿಸಿ ಆ ಯುವಕ ಇಳಿಯುತ್ತಿದ್ದಿರಬಹುದೆಂದು ತನಿಖಾಧಿಕಾರಿಗಳು ಬರೆದರು. ಇದನ್ನು ಪೈಲಟ್ ತಪ್ಪು ಎಂಬ ಎರಡೇ ಪದಗಳಲ್ಲಿ ಮುಗಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆ ವರ್ಷಗಳನ್ನು ಕಳೆದವನು ನಾನು. ಮುಳುಗಿದ ಸಾಲವೊಂದರ ಹಿಂದೆ ಒಂದೇ ಕಾರಣವಿದ್ದದ್ದನ್ನು ಕಂಡದ್ದು ಅಪರೂಪ.

ಕತ್ತಲಲ್ಲಿ, ಮೋಡದಲ್ಲಿ ಪೈಲಟ್‌ಗೆ ಆಗುವುದಾದರೂ ಏನು? ನಮ್ಮ ಸಮತೋಲನದ ಅರಿವು ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವವನ್ನು ಅವಲಂಬಿಸಿದೆ. ತಿರುವು ಆರಂಭವಾದಾಗ ದ್ರವ ಕದಲುತ್ತದೆ, ನಮಗೆ ತಿಳಿಯುತ್ತದೆ. ಅದೇ ತಿರುವು ಒಂದೇ ಸಮನೆ ಮುಂದುವರಿದರೆ, ಸುಮಾರು ಇಪ್ಪತ್ತು ಸೆಕೆಂಡುಗಳಲ್ಲಿ ದ್ರವವೂ ನಾಳದೊಡನೆ ಹೊಂದಿಕೊಂಡುಬಿಡುತ್ತದೆ; ನೇರವಾಗಿಯೇ ಹೋಗುತ್ತಿದ್ದೇವೆಂದು ಮೈ ಹೇಳುತ್ತದೆ. ವಾಸ್ತವದಲ್ಲಿ ವಿಮಾನ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಾ ಮೂಗು ಕೆಳಗೆ ಮಾಡಿರುತ್ತದೆ. ಎತ್ತರ ಕುಸಿಯುವುದನ್ನು ಕಂಡ ಪೈಲಟ್ ಹಿಡಿಕೆಯನ್ನು ತನ್ನತ್ತ ಎಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಸುತ್ತು ಇನ್ನಷ್ಟು ಬಿಗಿಯಾಗುತ್ತದೆ, ವೇಗ ಇನ್ನಷ್ಟು ಏರುತ್ತದೆ. ಇದಕ್ಕೆ ವೈಮಾನಿಕರು 'ಮಸಣದ ಸುರುಳಿ' ಎಂಬ ಅರ್ಥದ ಹೆಸರಿಟ್ಟಿದ್ದಾರೆ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ಸಮುದ್ರದ ಮೇಲಿನ ಮಬ್ಬಿನಲ್ಲಿ ಪತನಗೊಂಡದ್ದೂ ಹೀಗೆ ದಿಕ್ಕುಗೆಟ್ಟೇ. ಆದರೆ ಅವರ ವಿಮಾನ ಪೈಪರ್ ಸಂಸ್ಥೆಯದು, ಅದರ ಬಾಲವೂ ಮಾಮೂಲಿನದು.

ಹಾಗಾದರೆ ಕವಲುಬಾಲ ನಿರಪರಾಧಿಯೆ? ಅದೂ ಅಲ್ಲ. ಬೊನಾಂಝಾದ ನುಣುಪು ಮೈ ಮೂಗು ಕೆಳಗಾದೊಡನೆ ವೇಗವನ್ನು ಬಹುಬೇಗ ಗಳಿಸುತ್ತದೆ. ನಿಧಾನಗತಿಯ ವಿಮಾನದಲ್ಲಿ ಸಿಗುವ ಕೆಲವು ಕ್ಷಣಗಳ ಅವಕಾಶ ಇಲ್ಲಿಲ್ಲ. ವೇಗ ಮಿತಿ ಮೀರಿದಾಗ ಬಾಲದ ಫಲಕಗಳು ತಿರುಚಿಕೊಂಡು ಮುರಿದು, ವಿಮಾನ ಆಕಾಶದಲ್ಲೇ ಛಿದ್ರವಾದ ಪ್ರಕರಣಗಳು ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋದವು. 1951ರ ಮಾದರಿಯಿಂದ ಬಾಲದ ಫಲಕಗಳನ್ನು ಮುಂದಕ್ಕೆ ಚಾಚಿ ಅಗಲಗೊಳಿಸಲಾಗಿತ್ತು. ಆದರೆ ಚಾಚಿದ ಆ ಮುಂಚೂಣಿ ಅಂಚಿಗೆ ವಿಮಾನದ ದೇಹದ ಬಳಿ ಪ್ರತ್ಯೇಕ ಆಧಾರವಿರಲಿಲ್ಲ. 1960ರ ವೇಳೆಗೆ ಅದೇ ಸಂಸ್ಥೆ, ಹೆಚ್ಚುಕಡಿಮೆ ಅದೇ ದೇಹಕ್ಕೆ ಮಾಮೂಲಿ ಬಾಲವನ್ನು ಜೋಡಿಸಿ ಡೆಬೊನೇರ್ ಎಂಬ ವಿಮಾನವನ್ನು ತಂದಿತು. ಅದು ಗಾಳಿಯಲ್ಲಿ ಮುರಿದುಬಿದ್ದ ಪ್ರಮಾಣ ತೀರಾ ಕಡಿಮೆ. ಕೊಳ್ಳುವವರು ಅದೇ ವರ್ಗದವರು, ಎಂಜಿನ್ ಅದೇ ಬಗೆಯದು, ವ್ಯತ್ಯಾಸವಿದ್ದದ್ದು ಮುಖ್ಯವಾಗಿ ಬಾಲದಲ್ಲಿ. ಮಿತಿಯೊಳಗೆ ಹಾರಿಸಿದರೆ ಬಾಲ ಮುರಿಯದು ಎಂಬ ತಯಾರಕರ ವಾದ ಸುಳ್ಳಲ್ಲದಿದ್ದರೂ, ಈ ಹೋಲಿಕೆಗೆ ಅದು ಉತ್ತರವಾಗಲಿಲ್ಲ.

ಕೊನೆಗೆ 1980ರ ದಶಕದಲ್ಲಿ, ಬೊನಾಂಝಾ ಮಾಲೀಕರ ಸಂಘದ ಒತ್ತಾಯವೂ ಸೇರಿ, ಅಮೆರಿಕ ಸರ್ಕಾರ ಬಾಲದ ಬಲವನ್ನು ಹೊಸದಾಗಿ ಪರಿಶೀಲಿಸಿತು. ಬಾಲದ ಬುಡದಲ್ಲಿ ಮುಂಚೂಣಿ ಅಂಚನ್ನು ದೇಹಕ್ಕೆ ಬಿಗಿಯುವ ಲೋಹದ ಪಟ್ಟಿಯನ್ನು ಅಳವಡಿಸುವುದು 1987ರಲ್ಲಿ ಕಡ್ಡಾಯವಾಯಿತು. ಅನಂತರ ಇಂತಹ ಛಿದ್ರತೆಗಳು ಬಹುಮಟ್ಟಿಗೆ ಇಳಿದವು. ಆದರೆ ಅಷ್ಟು ಹೊತ್ತಿಗೆ, 1982ರಲ್ಲೇ, ಕವಲುಬಾಲದ ಮಾದರಿಯ ತಯಾರಿಕೆ ನಿಂತುಹೋಗಿತ್ತು; ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಮಾರಾಟವಾಗಿದ್ದವು.

ಇನ್ನು ಜೀವಕ್ಕಿಂತ ಹೆಚ್ಚಾಗಿ ಜೇಬಿಗೆ ಏಟು ಕೊಟ್ಟ ಒಂದು ಬಗೆಯ ಅಪಘಾತವನ್ನು ಹೇಳದೆ ಬಿಡಲಾಗದು. ವಿಮಾನ ಸುರಕ್ಷಿತವಾಗಿ ಇಳಿದು ರನ್‌ವೇ ಮೇಲೆ ಓಡುತ್ತಿರುವಾಗ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಮೇಲೆತ್ತಲು ಹೋದ ಪೈಲಟ್ ಗಾಲಿಗಳನ್ನೇ ಮಡಚಿಬಿಡುತ್ತಿದ್ದ. ವಿಮಾನ ಹೊಟ್ಟೆಯೂರಿ ಕೂರುತ್ತಿತ್ತು. ಕಾರಣ ಸರಳ. ಇತರ ವಿಮಾನಗಳಲ್ಲಿ ಗಾಲಿಯ ಸ್ವಿಚ್ ಇರುವ ಕಡೆ ಬೊನಾಂಝಾದಲ್ಲಿ ಫ್ಲ್ಯಾಪ್ ಸ್ವಿಚ್, ಫ್ಲ್ಯಾಪ್ ಸ್ವಿಚ್ ಇರುವ ಕಡೆ ಗಾಲಿಯದು! ಎರಡನೆಯ ಮಹಾಯುದ್ಧದ ಕಾಲದಲ್ಲೇ ಆಲ್ಫಾನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಬಿ-17 ಬಾಂಬರ್ ವಿಮಾನಗಳಲ್ಲಿ ಇಂಥದೇ ಗೊಂದಲವನ್ನು ಗುರುತಿಸಿ, ಒಂದು ಹಿಡಿಗೆ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯ ಆಕಾರ ಕೊಟ್ಟರೆ ಕೈಗೇ ವ್ಯತ್ಯಾಸ ತಿಳಿಯುತ್ತದೆಂದು ತೋರಿಸಿದ್ದ. 1980ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಇದಕ್ಕಾಗಿಯೇ ಒಂದು ವಿಶೇಷ ವರದಿ ಬರೆದು, ದೋಷ ವಿನ್ಯಾಸದ್ದೆಂದು ಹೇಳಿತು. ಆಮೇಲೆ, 1984ರಲ್ಲಿ, ಸ್ವಿಚ್‌ಗಳು ಸ್ಥಾನ ಬದಲಿಸಿದವು.

ಇಂಧನದ ವಿಷಯದಲ್ಲೂ ಪೈಲಟ್ ಜಾಗರೂಕನಾಗಿರಬೇಕಿತ್ತು. ಎಡ ಬಲ ರೆಕ್ಕೆಗಳ ಟ್ಯಾಂಕುಗಳನ್ನು ಅವನೇ ಬದಲಾಯಿಸುತ್ತಿರಬೇಕು. ಮರೆತರೆ ಒಂದು ಟ್ಯಾಂಕ್ ತುಂಬಿರುವಾಗಲೇ ಎಂಜಿನ್ ನಿಲ್ಲುತ್ತದೆ. ರೆಕ್ಕೆಯ ಮುಂಭಾಗದ ಇಂಧನ ಖರ್ಚಾದಂತೆ ವಿಮಾನದ ಗುರುತ್ವಕೇಂದ್ರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಆಸನಗಳು ತುಂಬಿದ್ದರೆ, ಹೊರಡುವಾಗ ಸರಿಯಿದ್ದ ತೂಕದ ಲೆಕ್ಕ ಇಳಿಯುವ ಹೊತ್ತಿಗೆ ತಪ್ಪಿರಬಹುದು.

ಮತ್ತೆ ಆ ಮಸಣದ ಸುರುಳಿಯ ವಿಷಯಕ್ಕೆ ಬರೋಣ. 1954ರಲ್ಲಿ, ಬಡ್ಡಿ ಹಾಲಿಯ ದುರಂತಕ್ಕೆ ಐದು ವರ್ಷ ಮೊದಲೇ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಬಳಸಿದ ವಿಮಾನ ಬೊನಾಂಝಾವೇ. ಉಪಕರಣಗಳನ್ನು ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಮಂದಿಯನ್ನು, ಪಕ್ಕದಲ್ಲಿ ಬೋಧಕನನ್ನು ಕೂರಿಸಿ, ಹೊರಗಿನದೇನೂ ಕಾಣದಂತೆ ಮಾಡಿ ಹಾರಲು ಬಿಟ್ಟರು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿ ಕಳೆದುಕೊಂಡರು. ಅವರಲ್ಲಿ 19 ಮಂದಿ ಬಿದ್ದದ್ದು ಅದೇ ಸುರುಳಿಗೆ. ಇದಕ್ಕೆ ಹಿಡಿದ ಸಮಯ ಸರಾಸರಿ 178 ಸೆಕೆಂಡು. ಇಂದಿಗೂ ವಿಮಾನ ಶಾಲೆಗಳಲ್ಲಿ ಈ ಸಂಖ್ಯೆಯನ್ನು ಹೇಳಿ ಹೆದರಿಸುತ್ತಾರೆ. ಪ್ರಯೋಗದ ಉತ್ತರಾರ್ಧ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದೇ 20 ಮಂದಿಗೆ ಒಂದು ಸರಳ ಕ್ರಮವನ್ನು ಕಲಿಸಲಾಯಿತು. ಹಿಡಿಕೆಯಿಂದ ಕೈ ತೆಗೆಯಬೇಕು, ಗಾಲಿಗಳನ್ನು ಇಳಿಸಿ ವೇಗ ತಗ್ಗಿಸಬೇಕು, ಆಮೇಲೆ ಕಾಲಿನ ಪೆಡಲ್‌ಗಳಿಂದಷ್ಟೇ ಮೆಲ್ಲಗೆ ತಿರುಗಿಸಿ ಬಂದ ದಾರಿಗೆ ಮರಳಬೇಕು. ಕೆಲವೇ ಗಂಟೆಗಳ ಈ ಪಾಠದ ಅನಂತರ ಮತ್ತೆ 60 ಬಾರಿ ಪರೀಕ್ಷಿಸಿದಾಗ, 59 ಬಾರಿ ಅವರು ಕುರುಡಾಗಿಯೇ ವಿಮಾನವನ್ನು ಸುರಕ್ಷಿತವಾಗಿ ತಿರುಗಿಸಿ ತಂದರು.