ಮಳೆಯೂರಿನಲ್ಲಿ ಎಲೆಯಿಂದ ಸಕ್ಯುಲೆಂಟ್

ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರನ್ನು ಕೂಡಿಟ್ಟುಕೊಂಡು ಒಣಹವೆಯನ್ನು ತಾಳಿಕೊಳ್ಳುವ ಸಸ್ಯಗಳಿಗೆ ಸಕ್ಯುಲೆಂಟ್ ಅಥವಾ ರಸಭರಿತ ಸಸ್ಯಗಳೆಂದು ಹೆಸರು. ಇವುಗಳಲ್ಲಿ ಹಲವು ಒಂದೇ ಎಲೆಯಿಂದ ಹೊಸ ಗಿಡವಾಗಬಲ್ಲವಾದರೂ, ಕುಮಾರಪರ್ವತದ ತಪ್ಪಲಿನಲ್ಲಿರುವ, ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಸುಬ್ರಹ್ಮಣ್ಯದಂತಹ ಊರಿನಲ್ಲಿ ಅವುಗಳಿಗೆ ನೀರೆರೆಯುವುದಕ್ಕಿಂತ ನೀರು ತಾಗದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸವಾಗುತ್ತದೆ.

ಎಲೆಯಿಂದ ಗಿಡ ಹುಟ್ಟುವುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ. ಮಡಗಾಸ್ಕರ್ ಮೂಲದ್ದಾದರೂ ಇಲ್ಲಿನ ಹಿತ್ತಿಲುಗಳಲ್ಲಿ ನೆಲೆಯೂರಿರುವ ಕಾಡುಬಸಳೆಯ ಎಲೆಯಂಚಿನ ಕಚ್ಚುಗಳಲ್ಲಿ ಸುಪ್ತ ಮೊಗ್ಗುಗಳಿದ್ದು, ಎಲೆ ತಾಯಿಗಿಡದಿಂದ ಬೇರ್ಪಟ್ಟ ಮೇಲೆ ಅವು ಬೇರು, ಚಿಗುರುಗಳಾಗಿ ಹೊರಡುತ್ತವೆ. ಹಿಂದೆ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ವಹಿಸಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನೆ, ಇದೇ ಗಿಡದ ಎಲೆ ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನ ಸಪ್ಪೆಯಾಗಿಯೂ ಇರುವುದನ್ನು ಗುರುತಿಸಿ ಬರೆದಿದ್ದು, ಆ ಬರಹವನ್ನು ಲಂಡನ್ನಿನ ಲಿನಿಯನ್ ಸೊಸೈಟಿ 1815ರಲ್ಲಿ ಪ್ರಕಟಿಸಿತು. ನೀರು ಆವಿಯಾಗಿ ಹೋಗದಿರಲೆಂದು ಈ ಗಿಡ ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕಾದಿಟ್ಟು, ಬಿಸಿಲೇರಿದಂತೆ ಬಳಸಿಕೊಳ್ಳುವುದೇ ಈ ರುಚಿಭೇದಕ್ಕೆ ಕಾರಣ. ಇಷ್ಟು ಜತನದಿಂದ ಕೂಡಿಟ್ಟ ನೀರು ಮತ್ತು ಆಹಾರದ ಬಲದಿಂದಲೇ ಕಿತ್ತ ಎಲೆಯೂ ವಾರಗಟ್ಟಲೆ ಜೀವ ಹಿಡಿದಿರುತ್ತದೆ.

ಎಚಿವೇರಿಯಾ, ಗ್ರಾಪ್ಟೊಪೆಟಲಮ್, ಜೇಡ್ ಮುಂತಾದವುಗಳಲ್ಲಿ ಹೊಸ ಗಿಡ ಮೂಡುವುದು ಎಲೆಯ ಅಂಚಿನಲ್ಲಲ್ಲ, ಬುಡದಲ್ಲಿ. ಆದ್ದರಿಂದ ಬಲಿತ ಎಲೆಯೊಂದನ್ನು ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸಿ, ಬುಡ ಹರಿಯದಂತೆ ಇಡಿಯಾಗಿ ಬಿಡಿಸಬೇಕು; ಬುಡದ ತುಣುಕು ಕಾಂಡದಲ್ಲೇ ಉಳಿದರೆ ಎಲೆ ಬೇರು ಬಿಟ್ಟರೂ ಚಿಗುರದೆ ಹೋಗಬಹುದು. ಬಿಡಿಸಿದ ಎಲೆಗಳನ್ನು ಅಡಿಕೆ ಹಾಳೆಯ ಮೇಲೆ ಹರಡಿ, ಗಾಳಿಯಾಡುವ ನೆರಳಿನಲ್ಲಿ ಮೂರು ನಾಲ್ಕು ದಿನ ಇಟ್ಟರೆ ಗಾಯದ ಮೇಲೆ ಕ್ಯಾಲಸ್ ಎಂಬ ಒಣಪದರ ಕಟ್ಟುತ್ತದೆ. ಹಸಿಗಾಯಕ್ಕೆ ತೇವ ತಾಗಿದರೆ ಶಿಲೀಂಧ್ರ ಹೊಗುತ್ತದೆಂಬುದನ್ನು ಮಳೆಗಾಲದ ಕೊಳೆರೋಗವನ್ನು ಬಲ್ಲ ಅಡಿಕೆ ಕೃಷಿಕರಿಗೆ ವಿವರಿಸಬೇಕಾಗಿಲ್ಲ.

ಇಲ್ಲಿನ ಜಂಬಿಟ್ಟಿಗೆ ಪ್ರದೇಶದ ಕೆಂಪು ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಕೂರುವುದರಿಂದ ಅದನ್ನೊಂದನ್ನೇ ಬಳಸದೆ, ಅರ್ಧದಷ್ಟು ಹೊಳೆಯ ಹೊಯಿಗೆ, ಉಳಿದರ್ಧದಲ್ಲಿ ಇಟ್ಟಿಗೆ ಚೂರು, ಗೆರಟೆಯ ಮಸಿ ಮತ್ತು ಸ್ವಲ್ಪ ಹುಡಿಗೊಬ್ಬರ ಬೆರೆಸಿದರೆ ನೀರು ನಿಲ್ಲದೆ ಬಸಿದು ಹೋಗುತ್ತದೆ. ಎಲೆಯನ್ನು ಹೂಳದೆ ಇದರ ಮೇಲೆ ಒರಗಿಸಿಟ್ಟು, ಬೆಳಗಿನ ಎಳೆಬಿಸಿಲು ತಾಗುವಂತೆ ಮಾಡಿ, ಬೇರಿನ ಎಳೆಗಳು ಕಂಡ ಮೇಲಷ್ಟೇ ಅವುಗಳ ಸುತ್ತ ನೀರು ಚಿಮುಕಿಸಬೇಕು. ಎರಡರಿಂದ ನಾಲ್ಕು ವಾರಗಳಲ್ಲಿ ಬೇರೂ ಆಮೇಲೆ ಪುಟ್ಟ ಗಿಡವೂ ಕಾಣಿಸುತ್ತವೆ. ಹಳೆಯ ಎಲೆ ತಾನಾಗಿ ಸುಕ್ಕುಗಟ್ಟಿ ಒಣಗುವ ತನಕ ಅದನ್ನು ಕೀಳಬಾರದು.

ಈ ವಿಧಾನ ಎಲ್ಲ ಗಿಡಗಳಿಗೂ ಒಗ್ಗುವುದಿಲ್ಲ. ಲೋಳೆಸರದ ಎಲೆ ನೆಟ್ಟರೆ ಕೊಳೆಯುತ್ತದೆಯಾದ್ದರಿಂದ ಬುಡದ ಮರಿಗಳನ್ನೇ ಬೇರ್ಪಡಿಸಬೇಕು. ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡರಿಸಿ, ಕೆಳಮುಖ ಮೇಲಾಗದಂತೆ ನೆಟ್ಟರೆ ಗಿಡ ಬರುತ್ತದೆ, ಆದರೆ ಹಳದಿ ಅಂಚಿನ ತಳಿಯಿಂದ ಹುಟ್ಟುವ ಮರಿಗಳು ಬರಿಯ ಹಸಿರಾಗಿರುತ್ತವೆ. ಕಾಡುಬಸಳೆಯ ವರ್ಗದ ಗಿಡಗಳು ಜಾನುವಾರುಗಳಿಗೆ ವಿಷವಾದ್ದರಿಂದ ಹಟ್ಟಿಯಿರುವ ಮನೆಗಳಲ್ಲಿ ಅವುಗಳನ್ನು ದನಗಳಿಗೆ ಎಟುಕದಂತೆ ಇಡಬೇಕು.

ಮಾರ್ಗಶಿರದ ಚಂಪಾ ಷಷ್ಠಿಯ ಹೊತ್ತಿಗೆ ಹವೆ ಒಣಗುವುದರಿಂದ ಎಲೆ ಇಡಲು ಅದೇ ತಕ್ಕ ಕಾಲ. ಹಾಗೆ ಇಟ್ಟ ಮರಿಗಳು ಮೇ ಕೊನೆಯ ಪತ್ತನಾಜೆಯ ವೇಳೆಗೆ ಸಾಕಷ್ಟು ಬೇರೂರಿ, ಮಾಡಿನ ಕೆಳಗೆ ಬೆಳಕಿರುವ ಜಾಗಕ್ಕೆ ಸಾಗಿಸುವ ಹಂತಕ್ಕೆ ಬರುತ್ತವೆ. ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಅವುಗಳಿಗೆ ನೀರಿನ ಅಗತ್ಯ ಬೀಳುವುದೇ ಅಪರೂಪ. ಕೆಳಗಿನ ಎಲೆಗಳು ತುಸು ಸುಕ್ಕಾದಾಗ ಮಾತ್ರ ಎರೆದರೆ ಸಾಕು.