ಗೊತ್ತುವಳಿ ಬೇರೆ, ಹಕ್ಕು ಬೇರೆ

ಮಾನವ ಹಕ್ಕುಗಳಿಗೊಂದು ಸನ್ನದು ಬೇಕು, ಅದಕ್ಕೆ ಕಾನೂನಿನ ಬಲ ಬೇಕು ಎಂದಾಗಲೆಲ್ಲ ಒಂದು ಮಾತು ಎದುರಾಗುತ್ತದೆ: ‘ಕಾನೂನಿನಿಂದ ಮನಸ್ಸು ಬದಲಾಗ್ತದೇನ್ರಿ?’ ಈ ಪ್ರಶ್ನೆಯನ್ನು ಮಹಾಡದ ಕೆರೆದಂಡೆಯ ಮೇಲೆ ನಿಂತು ಕೇಳಬೇಕು.

ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಗೊತ್ತುವಳಿ ಮಾಡಿತು. ಮಹಾಡದ ಪುರಸಭೆಯೂ ಚವದಾರ್ ಕೆರೆ ಎಲ್ಲರದು ಎಂದಿತು. ಕಾಗದದಲ್ಲಿ ಕೆರೆ ತೆರೆದಿತ್ತು, ನೀರು ಮಾತ್ರ ಸಿಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರೊಂದಿಗೆ ಜನ ಹೋಗಿ ಕುಡಿದರು. ಹೊಡೆತ ಬಿತ್ತು, ಕೆರೆಗೆ ‘ಶುದ್ಧಿ’ಯಾಯಿತು. ಅದೇ ವರ್ಷ ಪುರಸಭೆ ತನ್ನ ಗೊತ್ತುವಳಿಯನ್ನೇ ವಾಪಸು ತಗೊಂಡಿತು. ಮುಂಬಯಿ ಹೈಕೋರ್ಟು ದಲಿತರ ಪರ ತೀರ್ಪು ಕೊಟ್ಟದ್ದು 1937ರಲ್ಲಿ.

ಬಹುಮತ ಕೊಟ್ಟದ್ದನ್ನು ಬಹುಮತವೇ ಕಿತ್ತುಕೊಳ್ಳಬಲ್ಲದು. ಆದ್ದರಿಂದ ಹಕ್ಕು ಅದರ ಕೈಗೆ ಸುಲಭವಾಗಿ ಎಟುಕಬಾರದು. ಹಕ್ಕು ಮುರಿದವನಿಗೆ ಶಿಕ್ಷೆ ಇರಬೇಕು, ನೊಂದವನಿಗೆ ತಟ್ಟಲು ಒಂದು ಬಾಗಿಲಿರಬೇಕು. ದುಂಡುಮೇಜಿನ ಪರಿಷತ್ತಿನ ಮುಂದಿಟ್ಟ ಬೇಡಿಕೆಗಳಲ್ಲಿ ಅಂಬೇಡ್ಕರರು ಬಹಿಷ್ಕಾರವನ್ನೂ ಅಪರಾಧವೆಂದು ಸಾರಬೇಕೆಂದರು. ಕೂಲಿ, ಕಿರಾಣಿ ನಿಲ್ಲಿಸಿದರೆ ಸಾಕು, ದೊಣ್ಣೆಯೇ ಬೇಕಿಲ್ಲ ಎಂಬುದು ಕೇರಿಯವರಿಗೆಲ್ಲ ಗೊತ್ತು. ದೌರ್ಜನ್ಯ ತಡೆ ಕಾಯಿದೆಗೆ ಈ ಅಪರಾಧ ಹೆಸರು ಹಿಡಿದು ಸೇರಿದ್ದು 2015ರ ತಿದ್ದುಪಡಿಯಲ್ಲಿ.

ಪಶ್ಚಿಮದ ಹಕ್ಕು ಸನ್ನದುಗಳು ಮುಖ್ಯವಾಗಿ ಪ್ರಜೆಯನ್ನು ಪ್ರಭುತ್ವದಿಂದ ಕಾಯುವಂಥವು. ನಮ್ಮಲ್ಲಿ ಊರೇ ಪ್ರಭುತ್ವ. ಸಂವಿಧಾನದ 17ನೇ ವಿಧಿಯ ಹೆಚ್ಚುಗಾರಿಕೆ ಇಲ್ಲಿದೆ: ಅದು ಸರ್ಕಾರವನ್ನಷ್ಟೇ ಅಲ್ಲ, ಪಕ್ಕದ ಬೀದಿಯವನನ್ನೂ ಕಟ್ಟಿಹಾಕುತ್ತದೆ. ಸಂವಿಧಾನ ಸಭೆ ಅದನ್ನು ಒಪ್ಪಿದ್ದು 1948ರ ನವೆಂಬರ್ 29ರಂದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ಬಂದದ್ದು ಡಿಸೆಂಬರ್ 10ಕ್ಕೆ. ಆ ಘೋಷಣೆಯಲ್ಲಿ ‘ಹುಟ್ಟು’ ಎಂಬ ಪದವಿದೆ, ‘ಜಾತಿ’ ಇಲ್ಲ. ಅದರ ಹಿಂದೆ ಕೋರ್ಟೂ ಇಲ್ಲ. ನಮಗೆ 32ನೇ ವಿಧಿ ಇದೆ, ನೇರ ಸುಪ್ರೀಂ ಕೋರ್ಟಿಗೆ ಹೋಗುವುದೇ ಒಂದು ಹಕ್ಕು.

ಹಾಗಾದರೆ ಎಲ್ಲ ಸರಿಹೋಯಿತೇ? 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಕಾಯಿದೆ ಇತ್ತು. ಸಾಕ್ಷಿ ನಿಲ್ಲುವ ನೆಲ ಇರಲಿಲ್ಲ. ಸಮಾಜದ ಅಂತಃಸಾಕ್ಷಿ ಒಪ್ಪದಿದ್ದರೆ ಕಾನೂನು ಹಕ್ಕನ್ನು ಕಾಯಲಾರದೆಂದು 1943ರ ರಾನಡೆ ಉಪನ್ಯಾಸದಲ್ಲಿ ಬಾಬಾಸಾಹೇಬರೇ ಎಚ್ಚರಿಸಿದ್ದರು. ಅವರೇ 1947ರಲ್ಲಿ ಹಕ್ಕುಗಳನ್ನು ಕಲಮು ಕಲಮಾಗಿ ಬರೆದು, ಸಂವಿಧಾನ ಸಭೆಗೆಂದು ಮನವಿ ಸಿದ್ಧಪಡಿಸಿದರು. ಇದು ವಿರೋಧಾಭಾಸವಲ್ಲ. ಮನಸ್ಸು ಬದಲಾಗುವವರೆಗೆ ಬಾಯಾರಿ ಕೂರಲಾಗದು. ಸನ್ನದು ನೀರು ತಂದುಕೊಡದು, ನಿಜ. ಆದರೆ ಕೈಯೊಡ್ಡಿ ಬೇಡುತ್ತಿದ್ದವನನ್ನು ಅದು ಲೆಕ್ಕ ಕೇಳುವವನನ್ನಾಗಿ ಮಾಡುತ್ತದೆ. ಕೆರೆಗಿಳಿಯುವುದು, ಸಾಕ್ಷಿ ಹೇಳಿದವರ ಬೆನ್ನಿಗೆ ನಿಲ್ಲುವುದು ಸಂಘಟನೆಯ ಕೆಲಸ. ಅದನ್ನು ಯಾವ ಕಲಮೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.