ಕೋಳಿ ಹಿಡಿದಿದ್ದು ಯಾರು? ಗುರುತು ನೋಡಿ, ಆಮೇಲೆ ಗೂಡು ಭದ್ರ ಮಾಡಿ

ಹೋದ ಮಾಗಿಯಲ್ಲಿ ಒಂದು ಬೆಳಿಗ್ಗೆ ಅಮ್ಮ ಗೂಡಿನ ಬಾಗಿಲು ತೆಗೆದಾಗ 14 ನಾಟಿ ಕೋಳಿಗಳಲ್ಲಿ ಹೊರಗೆ ಬಂದಿದ್ದು 11. ಎರಡು ಒಳಗೇ ಸತ್ತು ಬಿದ್ದಿದ್ದವು, ಒಂದು ಕಾಣೆಯಾಗಿತ್ತು. “ಮುಂಗುಸೀದೇ ಕೆಲ್ಸ ಕಣೋ” ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತು. ಗೂಡಿನ ಬುಡದಲ್ಲಿದ್ದ ಸಂದಿಗೆಲ್ಲ ಕಲ್ಲು ತುಂಬಿ, ಸಿಮೆಂಟು ಮೆತ್ತಿ ಸಮಾಧಾನಪಟ್ಟೆ. ಮೂರನೇ ರಾತ್ರಿ ಇನ್ನೂ ಎರಡು ಹೋದವು.

ತಪ್ಪು ನನ್ನದೇ. ಮುಂಗುಸಿ ಹಗಲು ಬೇಟೆಯಾಡುವ ಪ್ರಾಣಿ. ರಾತ್ರಿ ನಡೆದ ಕಳ್ಳತನಕ್ಕೆ ಅದನ್ನು ಹೊಣೆ ಮಾಡಿ, ಮುಚ್ಚಬೇಕಾದ ದಾರಿ ಬಿಟ್ಟು ಬೇರೆ ದಾರಿ ಮುಚ್ಚಿದ್ದೆ. ಆಮೇಲೆ ಏಣಿ ಹಾಕಿ ಮೇಲೆ ನೋಡಿದರೆ ಒಂದು ಹೆಂಚು ಪಕ್ಕಕ್ಕೆ ಸರಿದಿತ್ತು. ಪಕ್ಕದಲ್ಲೇ ಹಿಕ್ಕೆ, ಅದರಲ್ಲಿ ಹೊಳೆಯುವ ಸಪೋಟ ಬೀಜಗಳು. ಹಣ್ಣು ತಿಂದು, ಮರ ಹತ್ತಿ, ಮಾಡಿನ ಮೇಲೆ ಓಡಾಡೋದು ಮರಬೆಕ್ಕು. ನಮ್ಮ ಕಡೆ ಇದನ್ನೂ ಪುನುಗು ಬೆಕ್ಕು ಅಂತಲೇ ಕರೀತಾರೆ.

ಹಿತ್ತಲ ಕೋಳಿ ಅಂದ್ರೆ ಬಹಳ ಮನೆಗಳಲ್ಲಿ ಹೆಂಗಸರ ಕೈಯ ದುಡ್ಡು. ಎರಡು ಸಲ ಹೀಗಾದರೆ “ಸಾಕಪ್ಪ ಈ ಕೋಳಿ ಸಹವಾಸ” ಅಂತ ಬಿಟ್ಟೇಬಿಡ್ತಾರೆ. ಅದಕ್ಕೇ ಹೇಳೋದು, ಮೊದಲು ಗುರುತು ಹಿಡಿಯಿರಿ, ಆಮೇಲೆ ದುಡ್ಡು ಖರ್ಚು ಮಾಡಿ.

ಸತ್ತ ಕೋಳಿ ಎತ್ತುವ ಮೊದಲು

ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಹಗಲೋ ರಾತ್ರಿಯೋ? ಎಷ್ಟು ಸತ್ತಿವೆ, ಎಷ್ಟು ಕಾಣೆ? ಗಾಯ ಎಲ್ಲಿದೆ? ಒಳಗೆ ಬಂದ ದಾರಿ ಯಾವುದು? ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗುಡಿಸಿಬಿಟ್ಟರೆ ಸಾಕ್ಷಿಯೂ ಹೋಗುತ್ತೆ.

ಗಾಯವೇ ಇಲ್ಲದೆ ಸತ್ತಿದ್ದರೆ, ಉಳಿದವೂ ಮಂಕಾಗಿ ಹಸಿರು ಹಿಕ್ಕೆ ಹಾಕುತ್ತಿದ್ದರೆ ಅದು ಪ್ರಾಣಿಯ ಕೆಲಸವಲ್ಲ, ಕೊಕ್ಕರೆ ರೋಗ ಇರಬಹುದು. ತಡಮಾಡದೆ ಪಶುವೈದ್ಯರಿಗೆ ತಿಳಿಸಿ.

ಯಾರ ಗುರುತು ಹೇಗೆ?

ನಾಯಿ: ಹಲವು ಕೋಳಿಗಳು ಸತ್ತು ಚೆಲ್ಲಾಪಿಲ್ಲಿ ಬಿದ್ದಿರುತ್ತವೆ, ತಿಂದಿರೋದು ಕಡಿಮೆ. ಬೆನ್ನು, ತೊಡೆ, ರೆಕ್ಕೆ ಹೀಗೆ ಎಲ್ಲೆಂದರಲ್ಲಿ ಕಚ್ಚಿದ ಗಾಯ. ಜಾಲರಿ ಹರಿದಿರುತ್ತೆ, ಬಾಗಿಲ ಬಳಿ ಮಣ್ಣು ಕೆದರಿರುತ್ತೆ. ಕಾಡುಪ್ರಾಣಿ ಅಂದುಕೊಂಡದ್ದು ಎಷ್ಟೋ ಸಲ ಊರ ನಾಯಿಯೇ ಆಗಿರುತ್ತೆ.

ಕಾಡುಬೆಕ್ಕು, ನರಿ: ಸಾಮಾನ್ಯವಾಗಿ ಒಂದನ್ನು ಹೊತ್ತೊಯ್ಯುತ್ತವೆ. ಪುಕ್ಕದ ಜಾಡು ಬೇಲಿ ಕಡೆಗೆ, ಪೊದೆ ಕಡೆಗೆ ಸಾಗಿರುತ್ತೆ.

ಮರಬೆಕ್ಕು: ರಾತ್ರಿ ಬರುತ್ತೆ, ಮೇಲಿಂದ ಇಳಿಯುತ್ತೆ. ಕುತ್ತಿಗೆ, ತಲೆಗೆ ಕಚ್ಚಿರುತ್ತೆ. ಮುಚ್ಚಿದ ಗೂಡಿನಲ್ಲಿ ಕೋಳಿಗಳು ಗಾಬರಿಯಿಂದ ಹಾರಾಡಿದರೆ ಒಂದಕ್ಕಿಂತ ಹೆಚ್ಚು ಕೊಲ್ಲುವುದೂ ಉಂಟು.

ಮುಂಗುಸಿ: ಹಗಲು ಹೊತ್ತು. ಮರಿ, ಮೊಟ್ಟೆ ಮೇಲೆ ಹೆಚ್ಚು ಕಣ್ಣು. ಒಡೆದ ಮೊಟ್ಟೆ ಚಿಪ್ಪು ಅಲ್ಲೇ ಬಿದ್ದಿರುತ್ತೆ.

ಹಾವು: ಮೊಟ್ಟೆ ಚಿಪ್ಪಿನ ಚೂರೂ ಇಲ್ಲದೆ ಮಾಯವಾಗಿದ್ದರೆ ಕೇರೆ ಅಥವಾ ನಾಗರಹಾವಿನ ಅನುಮಾನ. ನುಂಗಲಾಗದೆ ಬಿಟ್ಟ ಮರಿಯಿದ್ದರೆ ಅದರ ತಲೆ, ಕುತ್ತಿಗೆ ಒದ್ದೆಯಾಗಿ ಪುಕ್ಕ ಅಂಟಿಕೊಂಡಿರುತ್ತೆ. ಕಾವು ಪೆಟ್ಟಿಗೆಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡೋದು ಮರೀಬೇಡಿ.

ಹೆಗ್ಗಣ: ಗೂಡಿನ ಅಂಚಲ್ಲಿ ಬಿಲ, ಹೊಸ ಮಣ್ಣಿನ ಗುಡ್ಡೆ. ಮರಿಗಳ ಕಾಲು, ರೆಕ್ಕೆ ಕಡಿದಿರುತ್ತೆ.

ಹದ್ದು, ಗಿಡುಗ, ಕಾಗೆ: ಹಗಲಲ್ಲಿ ಬಯಲಿನಿಂದ ಮರಿ ಮಾಯ. ಹೇಂಟೆ ಕಿರುಚಿದ್ದಷ್ಟೇ ಗೊತ್ತಾಗುತ್ತೆ, ನೆಲದ ಮೇಲೆ ಬೇರೆ ಗುರುತು ಸಿಗೋದಿಲ್ಲ.

ಅನುಮಾನ ಉಳಿದರೆ ಸಂಜೆ ಗೂಡಿನ ಸುತ್ತ ಜರಡಿ ಹಿಡಿದ ಬೂದಿ ಅಥವಾ ನುಣುಪು ಮಣ್ಣು ತೆಳುವಾಗಿ ಹರಡಿ. ಬೆಳಿಗ್ಗೆ ಹೆಜ್ಜೆ ಓದಬಹುದು. ನಾಯಿ, ನರಿಯದಾದರೆ ನಾಲ್ಕು ಬೆರಳು, ಉಗುರಿನ ಗುರುತು ಇರುತ್ತೆ. ಬೆಕ್ಕಿಗೂ ನಾಲ್ಕೇ ಬೆರಳು, ಆದರೆ ಉಗುರು ಒಳಗೆ ಎಳೆದುಕೊಂಡು ನಡೆಯೋದರಿಂದ ಅದರ ಗುರುತು ಬೀಳೋದಿಲ್ಲ. ಮುಂಗುಸಿ, ಮರಬೆಕ್ಕಿಗೆ ಐದು ಬೆರಳು. ಅಂಗೈಗಿಂತ ದೊಡ್ಡ ಬೆಕ್ಕಿನ ಹೆಜ್ಜೆ ಕಂಡರೆ ಚಿರತೆ ಇರಬಹುದು. ರಾತ್ರಿ ಒಬ್ಬರೇ ಹೋಗಿ ನೋಡುವ ಸಾಹಸ ಬೇಡ, ಅರಣ್ಯ ಇಲಾಖೆಗೆ ತಿಳಿಸಿ.

ರಾತ್ರಿ ಗೂಡು ಹೀಗಿರಲಿ

ಒಮ್ಮೆ ರುಚಿ ಕಂಡ ಪ್ರಾಣಿ ಮತ್ತೆ ಅದೇ ದಾರೀಲಿ ಬರುತ್ತೆ. ಹಾಗಾಗಿ ದುರಸ್ತಿ ಅವತ್ತು ಕತ್ತಲಾಗೋದರೊಳಗೆ ಆಗಬೇಕು. ಆಗದಿದ್ದರೆ ಆ ರಾತ್ರಿ ಕೋಳಿಗಳನ್ನು ಮಂಕರಿ ಮುಚ್ಚಿ ಮನೆಯೊಳಗೇ ಇಡಿ.

ಜಾಲರಿ ವಿಚಾರದಲ್ಲಿ ಜಿಪುಣತನ ಬೇಡ. ಅಂಗಡೀಲಿ ಸಿಗುವ ಆರು ಮೂಲೆ ಕಣ್ಣಿನ ತೆಳು ಕೋಳಿ ಜಾಲರಿ, ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತೆ ಅಷ್ಟೇ. ನಾಯಿ ಅದನ್ನು ಹಲ್ಲಲ್ಲೇ ಹರಿಯುತ್ತೆ. ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ತಗೊಳ್ಳಿ. ಹಾವು, ಹೆಗ್ಗಣ, ಮುಂಗುಸಿ ಮೂರಕ್ಕೂ ಅದು ತಡೆ. ಪೂರ್ತಿ ಗೂಡಿಗೆ ಹಾಕಲು ಆಗದಿದ್ದರೆ ಕೆಳಗಿನ ಎರಡು ಅಡಿಗೆ, ಮರಿ ಇರುವ ಕೋಣೆಗೆ, ಗಾಳಿ ಕಿಂಡಿಗಳಿಗೆ ಮೊದಲು ಹಾಕಿ.

ಗೂಡು ನೆಲದ ಮೇಲಿದ್ದರೆ ಸುತ್ತ ಒಂದೂವರೆ ಅಡಿ ಅಗಲದ ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಗೂಡಿಗೆ ಬಿಗಿದು, ಮೇಲೆ ಮಣ್ಣು ಕಲ್ಲು ಹೇರಿ. ಅಗೆಯುವ ಪ್ರಾಣಿ ಗೋಡೆ ಬುಡದಲ್ಲೇ ಅಗೆಯೋಕೆ ಶುರು ಮಾಡುತ್ತೆ, ಅಲ್ಲೇ ಜಾಲರಿ ಸಿಕ್ಕರೆ ಮುಂದಕ್ಕೆ ಹೋಗೋದು ಕಷ್ಟ. ಕಂಬದ ಮೇಲೆ ಅಟ್ಟಣೆ ಕಟ್ಟಿದ್ದರೆ ಪ್ರತಿ ಕಂಬಕ್ಕೂ ನುಣುಪಾದ ತಗಡು ಸುತ್ತಿ. ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಯಿರಿ, ಹೆಂಚಿನ ಕೆಳಗೆ ಜಾಲರಿ ಹಾಸಿ. ನಾನು ಬಿಟ್ಟಿದ್ದು ಇದನ್ನೇ.

ಬಾಗಿಲಿಗೆ ಬರೀ ಹಗ್ಗ ಸಾಲದು. ಚಿಲಕ ಹಾಕಿ, ಅದಕ್ಕೊಂದು ಕೊಂಡಿ ಸಿಕ್ಕಿಸಿ. ಕತ್ತಲಾಗುವ ಮೊದಲು ಎಣಿಸಿ ಒಳಗೆ ಹಾಕುವ ಅಭ್ಯಾಸವೂ ಚಿಲಕದಷ್ಟೇ ಮುಖ್ಯ. ಸಂಜೆ ಒಂದು ಹಿಡಿ ರಾಗಿ ಗೂಡಿನೊಳಗೇ ಚೆಲ್ಲಿದರೆ ತಾವೇ ಬರ್ತವೆ.

ಹಗಲಿನ ಕಾವಲು

ಮರಿಗಳನ್ನು ಮೊದಲ ಆರು ವಾರ ಬಯಲಿಗೆ ಬಿಡಬೇಡಿ. ಮೇಲೂ ಜಾಲರಿ ಇರುವ ಆವರಣದಲ್ಲಿ ತಾಯಿ ಜೊತೆಗಿರಲಿ. ದೊಡ್ಡ ಕೋಳಿಗಳಿಗೆ ಅಡಗೋಕೆ ಜಾಗ ಬೇಕು: ಬಾಳೆ, ತೊಗರಿ, ನುಗ್ಗೆ, ಹರಳು ಸಾಲುಗಳು ಹದ್ದಿನಿಂದ ಮರೆ ಕೊಡುತ್ತವೆ, ನೆರಳೂ ಆಗುತ್ತೆ. ಗಿರಿರಾಜದಂಥ ತೂಕದ ತಳಿ ನಾಟಿ ಕೋಳಿ ಥರ ಚಟ್ಟನೆ ಹಾರಿ ಮರ ಏರಲಾರದು, ಅದಕ್ಕೆ ಬೇಲಿ ಗಟ್ಟಿ ಇರಲೇಬೇಕು. ಹೊಳೆಯುವ ಹಳೇ ಸಿ.ಡಿ., ಬೆದರುಬೊಂಬೆ ನಾಲ್ಕು ದಿನದ ಆಟ. ಜಾಗ ಬದಲಿಸದಿದ್ದರೆ ಹದ್ದು, ಕಾಗೆ ಹೆದರೋದನ್ನು ಬಿಡ್ತವೆ.

ಮೊಟ್ಟೆ ದಿನಕ್ಕೆರಡು ಸಲ ಎತ್ತಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಗೂಡಿನ ಪಕ್ಕ ಸೌದೆ, ಸೋಗೆ ರಾಶಿ ಹಾಕಬೇಡಿ. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿ. ಗಾಯಗೊಂಡದ್ದನ್ನು ಬೇರೆ ಇಡಿ, ರಕ್ತ ಕಂಡರೆ ಉಳಿದ ಕೋಳಿಗಳೇ ಕುಕ್ಕುತ್ತವೆ.

ವಿಷ ಮಾತ್ರ ಬೇಡ

ನಮ್ಮಲ್ಲಿ ಐದು ಕೋಳಿ ಹೋದಾಗ ಪಕ್ಕದ ತೋಟದವರು, “ಸತ್ತ ಕೋಳಿಗೇ ಔಷಧಿ ಸವರಿ ಇಟ್ಬಿಡಿ, ಒಂದೇ ರಾತ್ರಿಗೆ ಮುಗೀತು” ಅಂದರು. ಸಿಟ್ಟಲ್ಲಿ ನನಗೂ ಸರಿ ಅನ್ನಿಸಿತ್ತು. “ನಮ್ಮ ನಾಯಿ ತಿಂದ್ರೆ? ಉಳಿದ ಕೋಳಿ ಕುಕ್ಕಿದ್ರೆ?” ಅಂತ ಅಮ್ಮ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ವಿಷಕ್ಕೆ ಕಳ್ಳ ಯಾರು ಅಂತ ಗೊತ್ತಾಗೋದಿಲ್ಲ. ಮೇಲಾಗಿ ಮುಂಗುಸಿ, ಮರಬೆಕ್ಕು, ಕಾಡುಬೆಕ್ಕು, ನರಿ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ವಿಷ, ಉರುಳು ಎರಡೂ ಅಪರಾಧ. ತೋಟದ ಲೆಕ್ಕದಲ್ಲೂ ನಷ್ಟವೇ, ಯಾಕಂದ್ರೆ ಇಲಿ ಹಿಡಿಯೋದೂ ಇವೇ ಪ್ರಾಣಿಗಳು.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಕೋಳಿ ಸೇರಿದ ಮೇಲೆ ಗೂಡಿನೊಳಗೆ ಐದು ನಿಮಿಷ ಟಾರ್ಚ್ ಹೊತ್ತಿಸಿಟ್ಟು, ಹೊರಗಿಂದ ಸುತ್ತಲೂ ನೋಡಿ, ಮಾಡನ್ನೂ ನೋಡಿ. ಹೆಬ್ಬೆರಳು ತೂರುವಷ್ಟು ದೊಡ್ಡ ಸಂದಿಯಿಂದ ಬೆಳಕು ಬಂತು ಅಂದ್ರೆ ಅದಕ್ಕೆ ಸುಣ್ಣದ ಗುರುತು ಹಾಕಿ, ಬೆಳಿಗ್ಗೆ ಮುಚ್ಚಿ. ನಮ್ಮ ಗೂಡಲ್ಲಿ ಹೀಗೆ ಏಳು ಸಂದಿ ಸಿಕ್ಕವು. ಅವನ್ನು ಮುಚ್ಚಿ, ಹೆಂಚಿನ ಕೆಳಗೆ ಜಾಲರಿ ಹಾಸಿದ ಮೇಲೆ ರಾತ್ರಿ ಒಂದೂ ಕೋಳಿ ಹೋಗಿಲ್ಲ. ಮರಬೆಕ್ಕು ಈಗಲೂ ಬರುತ್ತೆ, ಸಪೋಟ ತಿಂದು ಹೋಗುತ್ತೆ.